ಫೋನೋ ಪ್ರೀಆಂಪ್ ಕಿಟ್: ಬೋರ್ಡ್ ಚೆನ್ನಾಗಿದೆ, ಆ 220 ಪಿಕೋಫ್ಯಾರಡ್ ಮಾತ್ರ ಬೇಡ

ಎಲ್‌ಪಿ ರೆಕಾರ್ಡ್ ಕೇಳಬೇಕು ಅಂದರೆ ಫೋನೋ ಪ್ರೀಆಂಪ್ (ಟರ್ನ್‌ಟೇಬಲ್‌ನಿಂದ ಬರುವ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಸರ್ಕ್ಯೂಟ್) ಬೇಕೇ ಬೇಕು. ರೆಡಿಮೇಡ್ ಡಬ್ಬ ಕೊಳ್ಳುವ ಬದಲು ನಾವೇ ಬೆಸುಗೆ ಹಾಕಿ ಕಟ್ಟಿಕೊಂಡರೆ ಹೇಗೆ ಅಂತ ಯೋಚಿಸುತ್ತಿರುವವರಿಗೆ ಈ ರಿವ್ಯೂ. ನಾನು ಕಟ್ಟಿದ್ದು ಎನ್‌ಇ5532 ಐಸಿ ಇರುವ, ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್‌ಗೆ, ಅಂದರೆ ಅಯಸ್ಕಾಂತ ಅಲುಗಾಡುವ ಥರದ ಸೂಜಿ ತಲೆಗೆ ಅಂತ ಮಾಡಿದ ಕಿಟ್. ಹೆಸರು ಹೇಳಿ ಪ್ರಯೋಜನ ಇಲ್ಲ, ಹೆಚ್ಚೂಕಡಿಮೆ ಇದೇ ಸರ್ಕ್ಯೂಟ್ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಸರ್ಕ್ಯೂಟ್‌ಗೆ ಹತ್ತಕ್ಕೆ ಎಂಟು ಕೊಡುತ್ತೇನೆ, ಜೊತೆಗೆ ಬಂದ ಸೂಚನೆ ಹಾಳೆಗೆ ಎರಡು.

ಹಾಳೆಯ ಕಥೆ ಮೊದಲು ಮುಗಿಸಿಬಿಡೋಣ. ಬೋರ್ಡ್ ಮೇಲೆ ಆರ್1, ಆರ್2 ಅಂತ ನಂಬರ್ ಮಾತ್ರ ಇದೆ, ವ್ಯಾಲ್ಯೂ ಇಲ್ಲ. ಹಾಳೆಯಲ್ಲಿ ಅಕ್ಷರ ಎಷ್ಟು ಸಣ್ಣ ಅಂದರೆ ಭೂತಗನ್ನಡಿ ಹಿಡಿಯಬೇಕು. ರೆಸಿಸ್ಟರ್‌ಗಳೇನೋ 1% ಮೆಟಲ್ ಫಿಲ್ಮ್, ಚೆನ್ನಾಗಿವೆ. ಆದರೂ ಒಂದೊಂದನ್ನೂ ಮೀಟರ್‌ನಲ್ಲಿ ಅಳೆದು ಹಾಕಿ, ಆ ಸಣ್ಣ ಬಣ್ಣದ ಪಟ್ಟಿ ನಂಬಿಕೊಂಡು ಕೂರಬೇಡಿ.

ಈಗ ಕೆಲಸದ ವಿಷಯ. ರೆಕಾರ್ಡ್ ಕೊರೆಯುವಾಗ ಬಾಸ್ ತಗ್ಗಿಸಿ ಟ್ರೆಬಲ್ ಏರಿಸಿ ಕೊರೆಯುತ್ತಾರೆ. ಬಾಸ್ ಹಾಗೇ ಬಿಟ್ಟರೆ ಗ್ರೂವ್ ಅಗಲವಾಗಿ ಜಾಗ ತಿನ್ನುತ್ತದೆ. ಟ್ರೆಬಲ್ ಏರಿಸದಿದ್ದರೆ ರೆಕಾರ್ಡಿನ ಚರಚರ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ. ನುಡಿಸುವಾಗ ಪ್ರೀಆಂಪ್ ಇದನ್ನೇ ತಿರುವುಮುರುವು ಮಾಡಬೇಕು, ಅದೇ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಕರ್ವ್. 1954ರಿಂದ ಇದೇ ನಿಯಮ. 50, 500 ಮತ್ತು ಸುಮಾರು 2122 ಹರ್ಟ್ಜ್ ಹತ್ತಿರ ಮೂರು ತಿರುವು. ಅದಕ್ಕೂ ಹಿಂದಿನ 78 ಆರ್‌ಪಿಎಂ ರೆಕಾರ್ಡ್‌ಗಳಿಗೆ ಬೇರೆ ಬೇರೆ ಕರ್ವ್ ಇದ್ದವು, ಅದಕ್ಕೆ ಈ ಕಿಟ್‌ನಲ್ಲಿ ಸ್ವಿಚ್ ಇಲ್ಲ.

ಈ ಕರ್ವ್ ಸರಿ ಬರುವುದು ಕೆಲವೇ ಕೆಪಾಸಿಟರ್‌ಗಳಿಂದ. ಕಿಟ್‌ನಲ್ಲಿ ಕೊಟ್ಟಿದ್ದು 5% ಫಿಲ್ಮ್ ಕೆಪಾಸಿಟರ್. ಕೆಟ್ಟದ್ದಲ್ಲ, ಆದರೆ ಎಡಕ್ಕೊಂದು ಬಲಕ್ಕೊಂದು ವ್ಯಾಲ್ಯೂ ಬಿದ್ದರೆ ಎರಡು ಚಾನೆಲ್ ಒಂದೇ ಥರ ನುಡಿಯುವುದಿಲ್ಲ. ಹೆಚ್ಚುವರಿ ಒಂದಿಷ್ಟು ತಂದು, ಅಳೆದು, ಜೋಡಿ ಮಾಡಿ ಹಾಕಿದೆ. ಬೇಜಾರಿನ ಕೆಲಸ, ಆದರೆ ಮಾಡಲೇಬೇಕು. ಎಕ್ಸ್7ಆರ್ ಅನ್ನುವ ಥರದ ಸೆರಾಮಿಕ್ ಕೆಪಾಸಿಟರ್ ಮಾತ್ರ ಈ ಜಾಗಕ್ಕೆ ಹಾಕಲೇಬೇಡಿ, ವೋಲ್ಟೇಜ್ ಬದಲಾದಂತೆ ಅದರ ವ್ಯಾಲ್ಯೂ ಕೂಡ ಬದಲಾಗುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇನ್‌ಪುಟ್‌ನಲ್ಲಿ ಕೊಟ್ಟ 220 ಪಿಕೋಫ್ಯಾರಡ್ ಕೆಪಾಸಿಟರ್ ನೋಡಿ. ಎಂಎಂ ಕಾರ್ಟ್ರಿಜ್ ಒಳಗೆ ತಂತಿ ಸುರುಳಿ ಇರುತ್ತದೆ, ಅದರ ಇಂಡಕ್ಟೆನ್ಸ್ 500 ಮಿಲಿಹೆನ್ರಿ ಇದೆ ಅಂದುಕೊಳ್ಳಿ. ಟೋನ್‌ಆರ್ಮ್ ವೈರಿಂಗ್ ಮತ್ತು ಕೇಬಲ್‌ನದ್ದೇ ಸುಮಾರು 180 ಪಿಕೋಫ್ಯಾರಡ್ ಬರುತ್ತದೆ. ಅದಕ್ಕೆ ಈ 220 ಸೇರಿಸಿದರೆ 400. ಸುರುಳಿ ಮತ್ತು ಈ 400 ಸೇರಿ 11 ಕಿಲೋಹರ್ಟ್ಜ್ ಸುತ್ತಮುತ್ತ ಉಬ್ಬು ಕೊಟ್ಟು ಅಲ್ಲಿಂದಾಚೆ ಟ್ರೆಬಲ್ ಇಳಿಸಿಬಿಡುತ್ತವೆ. ಸಿಂಬಲ್ ಸದ್ದು ಚುಚ್ಚುತ್ತದೆ, ಆದರೆ ಅದಕ್ಕೂ ಮೇಲಿನ ಸೂಕ್ಷ್ಮ ಟ್ರೆಬಲ್ ಇಲ್ಲ. ಜನ ಇದಕ್ಕೆ ಐಸಿಯನ್ನು ಬೈಯುತ್ತಾರೆ, ಪಾಪ! ನಾನು ಆ ಕೆಪಾಸಿಟರ್ ಜಾಗಕ್ಕೆ 47 ಹಾಕಿದೆ, ಉಬ್ಬು ಸುಮಾರು 15 ಕಿಲೋಹರ್ಟ್ಜ್‌ಗೆ ಹೋಯಿತು. ನಿಮ್ಮ ಕಾರ್ಟ್ರಿಜ್‌ಗೆ ಎಷ್ಟು ಬೇಕು ಅಂತ ಅದರ ಡೇಟಾಶೀಟ್‌ನಲ್ಲಿ ಬರೆದಿರುತ್ತದೆ, 100ರಿಂದ 200 ಬೇಕು ಅಂತ ಇದ್ದರೆ ಈ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. ಅಲ್ಲೇ ಇರುವ 47 ಕಿಲೋಓಮ್ ರೆಸಿಸ್ಟರ್ ಮುಟ್ಟಬೇಡಿ, ಅದು ಸ್ಟ್ಯಾಂಡರ್ಡ್ ಲೋಡ್.

ಐಸಿ ಬದಲಾಯಿಸುವ ಹುಚ್ಚಿನ ಬಗ್ಗೆಯೂ ಒಂದು ಮಾತು. 5532ರ ವೋಲ್ಟೇಜ್ ನಾಯ್ಸ್ ರೂಟ್ ಹರ್ಟ್ಜ್‌ಗೆ 5 ನ್ಯಾನೋವೋಲ್ಟ್. ಜಾಸ್ತಿ ದುಡ್ಡು ಕೊಟ್ಟು ತರುವ ಒಪಿಎ2134ರದ್ದು 8. ಕರೆಂಟ್ ನಾಯ್ಸ್ ಎರಡನೆಯದರಲ್ಲಿ ಕಡಿಮೆ, ನಿಜ. ಆದರೆ ಸೂಜಿ ರೆಕಾರ್ಡ್ ಮೇಲೆ ಇಳಿದ ಮೇಲೆ ರೆಕಾರ್ಡಿನದ್ದೇ ಸದ್ದು ಇವೆಲ್ಲಕ್ಕಿಂತ ಜೋರಾಗಿರುತ್ತದೆ, ಸುಮ್ನೆ ಯಾಕೆ ತಲೆಬಿಸಿ. ಆ ದುಡ್ಡನ್ನು ಡಬ್ಬಕ್ಕೆ ಮತ್ತು ಟ್ರಾನ್ಸ್‌ಫಾರ್ಮರ್‌ಗೆ ಹಾಕಿ.

ಯಾಕಂದರೆ ನಿಜವಾದ ಶತ್ರು ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು. ಕಾರ್ಟ್ರಿಜ್ ಕೊಡುವುದೇ 3ರಿಂದ 5 ಮಿಲಿವೋಲ್ಟ್. ಈ ಬೋರ್ಡ್ 1 ಕಿಲೋಹರ್ಟ್ಜ್‌ನಲ್ಲಿ ಅದನ್ನು ನೂರು ಪಟ್ಟು ಮಾಡುತ್ತದೆ, 50 ಹರ್ಟ್ಜ್‌ನಲ್ಲಿ ಆರ್‌ಐಎಎ ಕಾರಣದಿಂದ ಏಳುನೂರು ಪಟ್ಟು! ಟ್ರಾನ್ಸ್‌ಫಾರ್ಮರ್ ಅದೇ ಡಬ್ಬದಲ್ಲಿ ಇಟ್ಟರೆ ಕಿವಿಯ ಹತ್ತಿರ ಜೇನುಗೂಡು ಇಟ್ಟಂತೆ. ಅದನ್ನು ಬೇರೆ ಡಬ್ಬದಲ್ಲಿ ಹಾಕಿ, ಫ್ಯೂಸ್ ಮತ್ತು ಅರ್ತ್ ಕೊಟ್ಟು ದೂರ ಇಟ್ಟೆ. ಪ್ಲಸ್ ಮೈನಸ್ 15 ವೋಲ್ಟ್‌ಗೆ ಬೋರ್ಡ್ ಮೇಲೆಯೇ ಎಲ್‌ಎಂ317 ಮತ್ತು ಎಲ್‌ಎಂ337 ವೋಲ್ಟೇಜ್ ರೆಗ್ಯುಲೇಟರ್‌ಗಳು ಇವೆ, ಅವು ತಮ್ಮ ಕೆಲಸ ಚೆನ್ನಾಗಿ ಮಾಡುತ್ತವೆ. ಆರ್‌ಸಿಎ ಸಾಕೆಟ್‌ಗಳು ಲೋಹದ ಡಬ್ಬಕ್ಕೆ ತಾಗಬಾರದು, ಸಿಗ್ನಲ್ ಗ್ರೌಂಡ್ ಒಂದೇ ಜಾಗದಲ್ಲಿ ಡಬ್ಬಕ್ಕೆ ಸೇರಬೇಕು, ಟರ್ನ್‌ಟೇಬಲ್‌ನ ಅರ್ತ್ ವೈರ್ ಕೂಡ ಡಬ್ಬಕ್ಕೇ ಬರಬೇಕು. ಇದರ ಬಗ್ಗೆ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ಸಮಸ್ಯೆ ಬಂದರೆ ಸದ್ದು ಕೇಳಿ ನೋಡಿ. 50 ಹರ್ಟ್ಜ್‌ನ ಮೆತ್ತನೆ ಗುಂಯ್ ಆದರೆ ಟ್ರಾನ್ಸ್‌ಫಾರ್ಮರ್ ಕಾಂತಕ್ಷೇತ್ರ ಅಥವಾ ಗ್ರೌಂಡ್ ವೈರ್ ಕಡೆ ಅನುಮಾನ ಪಡಿ, ಒರಟಾದ 100 ಹರ್ಟ್ಜ್ ಸದ್ದಾದರೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಕಡೆ.

ಕಟ್ಟಿ ಮುಗಿದ ಮೇಲೆ ಟೆಸ್ಟ್ ಮಾಡಿ. ಫೋನಿನಿಂದ ಸೈನ್ ಟೋನ್, ಮಧ್ಯೆ 10 ಕಿಲೋಓಮ್ ಮತ್ತು 100 ಓಮ್‌ನ ಡಿವೈಡರ್ ಸಾಕು. 1 ಕಿಲೋಹರ್ಟ್ಜ್‌ಗೆ ಹೋಲಿಸಿದರೆ 100 ಹರ್ಟ್ಜ್ ಸುಮಾರು 13 ಡೆಸಿಬಲ್ ಮೇಲೆ, 10 ಕಿಲೋಹರ್ಟ್ಜ್ ಸುಮಾರು 13.7 ಡೆಸಿಬಲ್ ಕೆಳಗೆ ಬರಬೇಕು. ಸಾಧಾರಣ ಮಲ್ಟಿಮೀಟರ್ 10 ಕಿಲೋಹರ್ಟ್ಜ್ ಸರಿಯಾಗಿ ಓದುವುದಿಲ್ಲ, ಸೌಂಡ್‌ಕಾರ್ಡ್ ಬಳಸಿ. ನನ್ನದರಲ್ಲಿ ಎರಡೂ ಚಾನೆಲ್ ಒಂದಕ್ಕೊಂದು ಅಂಟಿಕೊಂಡಂತೆ ಬಂದವು, ಕೆಪಾಸಿಟರ್ ಜೋಡಿ ಮಾಡಿದ್ದು ಸಾರ್ಥಕ.

ಕೇಳಲು ಹೇಗಿದೆ? ಸದ್ದಿಲ್ಲದ ಪ್ರೀಆಂಪ್. ಹಾಡಿನ ಮಧ್ಯದ ಮೌನದಲ್ಲಿ ರೆಕಾರ್ಡಿನ ಧೂಳು ಮಾತ್ರ ಕೇಳುತ್ತದೆ. ಬಾಸ್ ಬಿಗಿಯಾಗಿದೆ. ಒಂದು ಕೊರತೆ ಅಂದರೆ ಕಿವಿಗೆ ಕೇಳದಷ್ಟು ಕೆಳಗಿನ ಕಂಪನ ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲ, ಸೊಟ್ಟ ರೆಕಾರ್ಡ್ ಹಾಕಿದರೆ ವೂಫರ್ ಕೋನ್ ಹಿಂದೆ ಮುಂದೆ ಕುಣಿಯುತ್ತದೆ.

ಎಂಸಿ (ಮೂವಿಂಗ್ ಕಾಯಿಲ್, ಅಂದರೆ ಸುರುಳಿಯೇ ಅಲುಗಾಡುವ) ಕಾರ್ಟ್ರಿಜ್ ಇರುವವರು ಇದನ್ನು ಬಿಟ್ಟುಬಿಡಿ. ಅದು ಕೊಡುವುದು ಅರ್ಧ ಮಿಲಿವೋಲ್ಟೋ ಇನ್ನೂ ಕಡಿಮೆಯೋ, ಅದಕ್ಕೆ ಹತ್ತು ಪಟ್ಟು ಜಾಸ್ತಿ ಗೇನ್ ಇರುವ ಬೇರೆ ಬೋರ್ಡ್ ಬೇಕು.