ನೋವಾ ಕಾಯುವವರಿಗೆ 10×50 ಸಾಕು: 15×70 ಕೊಂಡು ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 10×50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಎಂಎಂ ಅಗಲದ) ಬೈನಾಕ್ಯುಲರ್‌ಗೆ. ಹದಿಮೂರು ಸಾವಿರ ಕೊಟ್ಟು 15×70 ತಂದೆ. ಮೂರೇ ತಿಂಗಳಿಗೆ ಅದು ಬೀರು ಸೇರಿತು.

ನನಗೆ ಬೇಕಿದ್ದದ್ದು ಒಂದೇ ಕೆಲಸ. ಉತ್ತರ ಕಿರೀಟ ನಕ್ಷತ್ರಪುಂಜದಲ್ಲಿರುವ ‘ಟಿ ಕೊರೊನೆ ಬೋರಿಯಾಲಿಸ್’ ನೋವಾವನ್ನು, ಅಂದರೆ ಇದ್ದಕ್ಕಿದ್ದಂತೆ ಸಿಡಿದು ಹೊಳೆಯುವ ನಕ್ಷತ್ರವನ್ನು, ದಿನಾ ನೋಡುವುದು. ಅದು 1866ರಲ್ಲಿ ಸಿಡಿದಿತ್ತು, ಮತ್ತೆ 1946ರಲ್ಲಿ. ಎಂಬತ್ತು ವರ್ಷದ ಅಂತರ, ಹಾಗಾಗಿ ಮತ್ತೆ ಸಿಡಿಯುವುದನ್ನೇ ಕಾಯುತ್ತಿದ್ದೇನೆ. ಮಾಮೂಲಿ ದಿನಗಳಲ್ಲಿ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ) 10ರ ಹತ್ತಿರ ಇರುತ್ತದೆ, ಸಿಡಿದಾಗ 2ಕ್ಕೆ ಏರುತ್ತದೆ. ಅಂದರೆ ಬರಿಗಣ್ಣಿಗೇ ಕಾಣುತ್ತದೆ. ಒಂದು ವಾರದ ಆಚೀಚೆ ಮತ್ತೆ ಬರಿಗಣ್ಣಿಗೆ ಸಿಗುವುದಿಲ್ಲ. ಹಾಗಾಗಿ ಒಂದು ರಾತ್ರಿ ತಪ್ಪಿಸಿದರೂ ನಷ್ಟವೇ.

15×70 ಆಸೆ ಹುಟ್ಟಿದ್ದು 2021ರಲ್ಲಿ. ಆ ಮಾರ್ಚ್‌ನಲ್ಲಿ ಜಪಾನಿನ ಹವ್ಯಾಸಿ ಯೂಜಿ ನಾಕಾಮುರಾ ಕುಂತಿ (ಕ್ಯಾಸಿಯೋಪಿಯಾ) ಪುಂಜದಲ್ಲಿ ಒಂದು ನೋವಾ ಕಂಡುಹಿಡಿದಿದ್ದರು, ವಿ1405 ಕ್ಯಾಸಿಯೋಪಿಯೆ. ಅದು ತಿಂಗಳುಗಟ್ಟಲೆ ಏರುತ್ತಾ ಇಳಿಯುತ್ತಾ ಇತ್ತು. ನವೆಂಬರ್ ಸಂಜೆ ಗೆಳೆಯನ 15×70ರಲ್ಲಿ, ಸ್ಟ್ಯಾಂಡ್ ಮೇಲಿಟ್ಟು ನೋಡಿದೆ. ಪಕ್ಕದಲ್ಲೇ ಎಂ52 ನಕ್ಷತ್ರಗುಚ್ಛ, ಹಿಟ್ಟು ಚೆಲ್ಲಿದ ಹಾಗೆ. ಮನಸ್ಸು ಅಲ್ಲೇ ಸೋತಿತು.

ಆದರೆ ನಮ್ಮ ತುಮಕೂರಿನಿಂದ ಕುಂತಿ ಉತ್ತರ ದಿಕ್ಕಿನಲ್ಲಿ, ಆಕಾಶದ ಸುಮಾರು ಅರ್ಧ ಎತ್ತರಕ್ಕಷ್ಟೇ ಏರುತ್ತದೆ. ನಿಂತು ನೋಡಲು ಹದವಾದ ಜಾಗ. ಉತ್ತರ ಕಿರೀಟ ಹಾಗಲ್ಲ. ಅದು ನಡುನೆತ್ತಿಗೆ ಬಂದಾಗ 75 ಡಿಗ್ರಿ ಮೀರಿರುತ್ತದೆ. ಕೊಳ್ಳುವಾಗ ಇದು ನನಗೆ ಹೊಳೆಯಲೇ ಇಲ್ಲ.

ಮಾರ್ಚ್ ತಿಂಗಳು, ಬೆಳಗಿನ ಜಾವ ಐದು ಗಂಟೆ. ಬೈನಾಕ್ಯುಲರನ್ನು ಸ್ಟ್ಯಾಂಡಿಗೆ ಹಾಕಿ ಮೇಲಕ್ಕೆ ತಿರುಗಿಸಿದರೆ ಕಣ್ಣಿಡುವ ತುದಿ ಕಾಲುಗಳ ನಡುವೆ ಇಳಿಯಿತು. ನಾನು ತಾರಸಿ ಮೇಲೆ ಮಂಡಿಯೂರಿ, ಸ್ಟ್ಯಾಂಡಿನ ಕೆಳಗೆ ತಲೆ ತೂರಿಸಿ, ಕತ್ತು ಹಿಂದಕ್ಕೆ ಬಾಗಿಸಿ ನೋಡಬೇಕಾಯಿತು. ಎರಡು ನಿಮಿಷಕ್ಕೆ ಕತ್ತು ಹಿಡಿಯಿತು. ಹಣೆ ತಾಗಿದರೆ ಇಡೀ ನೋಟ ಅಲುಗಾಡುತ್ತದೆ. ಸ್ಟ್ಯಾಂಡ್ ಎತ್ತರಿಸಿದೆ, ಕುರ್ಚಿ ಹಾಕಿದೆ, ಕುರ್ಚಿ ತೆಗೆದು ಮಣೆ ಹಾಕಿದೆ. ಯಾವುದೂ ಆಗಲಿಲ್ಲ. ಕೈಯಲ್ಲಿ ಹಿಡಿಯೋಣ ಅಂದರೆ ಒಂದೂವರೆ ಕೆಜಿ ಹತ್ತಿರದ ಭಾರ, ಜೊತೆಗೆ ಹದಿನೈದು ಪಟ್ಟು ದೊಡ್ಡದಾಗುವ ಕೈನಡುಕ. ಚುಕ್ಕಿಗಳೆಲ್ಲ ಗೀಟುಗಳಾಗಿ ಕಂಡವು.

ಇನ್ನೊಂದು ತೊಂದರೆ ಆಮೇಲೆ ಗೊತ್ತಾಯಿತು. ಹೊಳಪು ಅಂದಾಜು ಮಾಡುವುದು ಅಂದರೆ ಹೋಲಿಸುವುದು: ಇದಕ್ಕಿಂತ ಜಾಸ್ತಿ, ಅದಕ್ಕಿಂತ ಕಡಿಮೆ. ಟಿ (ನನ್ನ ನೋವಾ) ಕಾಂತಿಮಾನ 2ಕ್ಕೆ ಏರಿದಾಗ ಹೋಲಿಸಲು ಸಿಗುವುದು ಕಿರೀಟದ ಆಲ್ಫೆಕ್ಕಾ ನಕ್ಷತ್ರ, ಕಾಂತಿಮಾನ 2.2. ಇವೆರಡರ ನಡುವೆ ಐದೂವರೆ ಡಿಗ್ರಿ. ನನ್ನ 15×70ರಲ್ಲಿ ಒಮ್ಮೆಗೆ ಕಾಣುವ ಆಕಾಶದ ಅಗಲವೇ 4.4 ಡಿಗ್ರಿ. 10×50ರಲ್ಲಿ 6.5, ಎರಡೂ ಒಟ್ಟಿಗೆ ಕೂರುತ್ತವೆ.

ಭಾವನ ಕ್ಯಾಮೆರಾವನ್ನೂ ಪ್ರಯತ್ನಿಸಿದೆ, 50 ಎಂಎಂ ಲೆನ್ಸ್, ಹತ್ತು ಸೆಕೆಂಡ್. ಅಳತೆಯ ಮಟ್ಟಿಗೆ ಕಣ್ಣಿಗಿಂತ ಇದೇ ನಿಖರ, ಅನುಮಾನವಿಲ್ಲ. ಫೋಕಸ್ ಸ್ವಲ್ಪ ಸಡಿಲಿಸಬೇಕು, ಇಲ್ಲದಿದ್ದರೆ ಹೊಳೆಯುವ ಚುಕ್ಕಿಗಳು ಬೆಳ್ಳಗೆ ಸುಟ್ಟುಹೋಗಿ ಲೆಕ್ಕ ತಪ್ಪುತ್ತದೆ. ಆದರೆ ಒಂದು ಅಂಕಿಗಾಗಿ ಕಂಪ್ಯೂಟರ್ ಮುಂದೆ ಅರ್ಧ ಗಂಟೆ ಕೂರಬೇಕು. ಎಂಟಕ್ಕೆ ಆಫೀಸಿಗೆ ಹೊರಡುವವನಿಗೆ ದಿನಾ ಆಗುವ ಮಾತಲ್ಲ.

ಈಗ ಮತ್ತೆ ಹಳೆಯ 10×50. ಚಾಪೆ ಹಾಸಿ ಅಂಗಾತ ಮಲಗುತ್ತೇನೆ. ಮೊಣಕೈ ಎದೆಗೆ ಒತ್ತಿದರೆ ನೋಟ ನಿಲ್ಲುತ್ತದೆ. ಸ್ವಾತಿಯಿಂದ ಪೂರ್ವಕ್ಕೆ ಸರಿದು, ಕಿರೀಟದ ಬಿಲ್ಲು ಹಿಡಿದು, ಅದರ ಎಪ್ಸಿಲಾನ್ ನಕ್ಷತ್ರದ ಹತ್ತಿರ ನಿಂತರೆ ಒಂದು ಡಿಗ್ರಿ ಆಚೆ ಟಿ ಇರಬೇಕಾದ ಜಾಗ. ಊರ ಬೆಳಕಿನಲ್ಲಿ ಅಲ್ಲಿ ಏನೂ ಕಾಣುವುದಿಲ್ಲ. ಏನಾದರೂ ಕಂಡರೆ, ಅದೇ ಸುದ್ದಿ! ಇಂಗ್ಲೆಂಡಿನ ಜಾರ್ಜ್ ಆಲ್ಕಾಕ್ 1991ರಲ್ಲಿ ಮನೆಯೊಳಗಿಂದ, ಕಿಟಕಿಯ ಗಾಜಿನ ಮೂಲಕ ನೋವಾ ಕಂಡುಹಿಡಿದದ್ದೂ 10×50ರಲ್ಲೇ.

ಒಂದು ಎಚ್ಚರಿಕೆ: ಕೆಂಪು ಛಾಯೆಯ ಚುಕ್ಕಿಯನ್ನು ದಿಟ್ಟಿಸಿದಷ್ಟೂ ಅದು ಜಾಸ್ತಿ ಹೊಳೆದಂತೆ ಅನಿಸುತ್ತದೆ. ಚಕ್ಕನೆ ನೋಡಿ, ಕಣ್ಣು ತೆಗೆದು, ಅಂಕಿ ಬರೆದುಬಿಡಿ.

ಬಜೆಟ್ ಆರೇಳು ಸಾವಿರ ಇದ್ದರೆ 10×50 ಕೊಳ್ಳಿ, ಉಳಿದದ್ದರಲ್ಲಿ ಒಳ್ಳೆಯ ಚಾಪೆ. ನನ್ನ 15×70 ಚಳಿಗಾಲದಲ್ಲಿ ಕುಂತಿ ನೋಡಲು ಹೊರಬರುತ್ತದೆ.