ಎನ್‌ಎಲ್‌ಟಿಕೆಯ ಫೀಚರ್ ಗ್ರಾಮರ್ ಪಾರ್ಸರ್: ಕನ್ನಡ ವಾಕ್ಯಗಳಿಗೆ ಎಷ್ಟು ಒದಗುತ್ತದೆ?

ಕರ್ತೃಪದಕ್ಕೂ ಕ್ರಿಯಾಪದಕ್ಕೂ ಇರುವ ಹೊಂದಾಣಿಕೆಯನ್ನು ನಿಯಮಗಳಾಗಿ ಬರೆದು ಪರೀಕ್ಷಿಸಲು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ, ಭಾಷೆಯನ್ನು ವಿಶ್ಲೇಷಿಸುವ ಸಲಕರಣೆಗಳ ಸಂಗ್ರಹವಾದ ಎನ್‌ಎಲ್‌ಟಿಕೆ ಒಳ್ಳೆಯ ಆರಂಭ. ಅದರ ಪಾರ್ಸರ್ ವಾಕ್ಯವನ್ನು ವ್ಯಾಕರಣದ ನಿಯಮಗಳಿಗೆ ಹೋಲಿಸಿ ರಚನೆಯನ್ನು ಬಿಡಿಸುತ್ತದೆ; ಫೀಚರ್ ಎಂದರೆ ಪದಕ್ಕೆ ಅಂಟಿಸುವ ಲಿಂಗ, ವಚನದಂಥ ಗುಣ. ಉಚಿತ, ಮುಕ್ತ ತಂತ್ರಾಂಶ. ವ್ಯಾಕರಣ ಇರುವುದು ಸಾಮಾನ್ಯ ಪಠ್ಯ ಕಡತದಲ್ಲಿ. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಕನ್ನಡದಲ್ಲೇ ಬರೆಯಬಹುದು. ಚರಗಳ (ಬೆಲೆ ಆಮೇಲೆ ತುಂಬಿಕೊಳ್ಳುವ ಗುರುತುಗಳ) ಹೆಸರು ಮಾತ್ರ ರೋಮನ್ ಅಕ್ಷರಗಳಲ್ಲಿರಬೇಕು. ಉದ್ಧರಣ ಚಿಹ್ನೆಯಿಲ್ಲದೆ ಬರೆದ ಫೀಚರ್ ಬೆಲೆಗಳಿಗೂ ಇದೇ ನಿಯಮ.

ಕನ್ನಡದ ನಿಜವಾದ ಪರೀಕ್ಷೆ ಬಹುವಚನದಲ್ಲಿದೆ. ಏಕವಚನದ ಬಂದನು, ಬಂದಳು, ಬಂದಿತು ಮೂರಕ್ಕೂ ಲಿಂಗ, ವಚನ, ಪುರುಷ ಎಂಬ ಮೂರು ಫೀಚರ್ ಸಾಕು. ಆದರೆ ಹುಡುಗರೂ ‘ಬಂದರು’, ಹುಡುಗಿಯರೂ ‘ಬಂದರು’, ನಾಯಿಗಳು ‘ಬಂದವು’. ಒಂದು ಫೀಚರಿಗೆ ‘ಪುಲ್ಲಿಂಗ ಅಥವಾ ಸ್ತ್ರೀಲಿಂಗ’ ಎಂಬ ಬೆಲೆ ಕೊಡಲು ಇಲ್ಲಿ ಬರುವುದಿಲ್ಲ. ‘ಬಂದರು’ ಪದವನ್ನು ಎರಡು ಸಲ ನಮೂದಿಸುವುದಕ್ಕಿಂತ ‘ಮಾನವ’ ಎಂಬ ನಾಲ್ಕನೆಯ ಫೀಚರ್ ಸೇರಿಸಿ, ‘ಬಂದರು’ಗೆ ಲಿಂಗವನ್ನೇ ಹೇಳದೆ ಬಿಡುವುದು ಲೇಸು. ಹೇಳದೆ ಬಿಟ್ಟ ಫೀಚರ್ ಯಾವ ಬೆಲೆಯೊಂದಿಗೂ ಕೂಡಿಕೊಳ್ಳುತ್ತದೆ.

ಇದೇ ಗುಣ ಎಡವಿಸುವುದೂ ಉಂಟು. ನಾಮಪದಕ್ಕೆ ವಿಭಕ್ತಿ ಬರೆಯಲು ಮರೆತರೆ ‘ಹುಡುಗನನ್ನು ಬಂದನು’ ಎಂಬುದನ್ನೂ ಪಾರ್ಸರ್ ಒಪ್ಪಿಬಿಡುತ್ತದೆ, ದೋಷಸಂದೇಶವೇ ಇಲ್ಲದೆ. ಒಂದೇ ನಿಯಮದಲ್ಲಿ ಚರದ ಹೆಸರನ್ನು ಒಮ್ಮೆ ಸಣ್ಣಕ್ಷರದಲ್ಲಿ, ಒಮ್ಮೆ ದೊಡ್ಡಕ್ಷರದಲ್ಲಿ ಬರೆದರೂ ಹೊಂದಾಣಿಕೆ ಸದ್ದಿಲ್ಲದೆ ಕಳಚುತ್ತದೆ. ಆದ್ದರಿಂದ ಸರಿಯಾದ ಪ್ರತಿ ವಾಕ್ಯದ ಪಕ್ಕದಲ್ಲಿ ತಪ್ಪು ವಾಕ್ಯವೊಂದನ್ನೂ ಪರೀಕ್ಷೆಗೆ ಇಡಲೇಬೇಕು.

ಒಪ್ಪಬೇಕಾದ ವಾಕ್ಯವನ್ನೇ ತಿರಸ್ಕರಿಸಿದಾಗ ಯಾವ ಫೀಚರ್ ಕಾರಣವೆಂದು ಪಾರ್ಸರ್ ತನ್ನ ಹೆಜ್ಜೆಗಳನ್ನು ಮುದ್ರಿಸುವ ಚಾರ್ಟಿನ ಟ್ರೇಸ್ ನೋಡಿ ಹೇಳುವುದು ಕಷ್ಟ. ಸಂಶಯವಿರುವ ಎರಡು ಫೀಚರ್ ರಚನೆಗಳನ್ನು ಪ್ರತ್ಯೇಕವಾಗಿ ತೆಗೆದು, ಟ್ರೇಸ್ ಹಾಕಿ ಯೂನಿಫೈ ಮಾಡಿದರೆ, ಅಂದರೆ ಒಂದಕ್ಕೊಂದು ಕೂಡಿಸಿ ನೋಡಿದರೆ, ಘರ್ಷಣೆಯ ಜಾಗ ಕಾಣುತ್ತದೆ. ಕಡತ ತಿದ್ದಿದರೂ ಫಲಿತಾಂಶ ಬದಲಾಗದಿದ್ದರೆ ಹಳೆಯ ಪ್ರತಿ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಕುಳಿತಿರುತ್ತದೆ. ಲೋಡ್ ಮಾಡುವಾಗ ಕ್ಯಾಶ್ ಬಳಸದಂತೆ ಹೇಳಿ. ‘ಪದ ವ್ಯಾಕರಣದಲ್ಲಿಲ್ಲ’ ಎಂಬ ದೂರು ಕಣ್ಣೆದುರಿಗಿರುವ ಪದಕ್ಕೇ ಬಂದರೆ, ಅದರಲ್ಲಿ ಅಡಗಿದ ಶೂನ್ಯ ಅಗಲದ ಅಕ್ಷರವನ್ನು ಹುಡುಕಿ.

ದೊಡ್ಡ ಕೊರತೆ ಪದರಚನೆಯದು. ಪಾರ್ಸರಿಗೆ ಇಡೀ ಪದವಷ್ಟೇ ಗೊತ್ತು. ಹುಡುಗನಿಗೆ, ಹುಡುಗನಿಂದ, ಹುಡುಗನಲ್ಲಿ ಪ್ರತಿಯೊಂದೂ ಬೇರೆ ನಮೂದು. ಪದಕ್ರಮ ಬದಲಾದರೆ ಅದಕ್ಕೂ ಬೇರೆ ನಿಯಮ. ಕೆಲವು ನೂರು ಪದಗಳಾಚೆ ಕೈಯಿಂದ ಬರೆಯುವುದು ವ್ಯರ್ಥ. ರೂಪಗಳನ್ನು ಇನ್ನೊಂದು ಪ್ರೋಗ್ರಾಮಿನಿಂದ ಹುಟ್ಟಿಸಿ ಕಡತಕ್ಕೆ ಸೇರಿಸಿ. ಫೀಚರ್‌ಗಳಿಗೆ ಪ್ರಕಾರಗಳ ಶ್ರೇಣಿ ಬೇಕೆನ್ನುವವರು ಎಚ್‌ಪಿಎಸ್‌ಜಿ ಎಂಬ ಫೀಚರ್ ಆಧಾರಿತ ಸಿದ್ಧಾಂತದ ವ್ಯಾಕರಣಗಳಿಗೆ ಬಳಕೆಯಲ್ಲಿರುವ ಎಲ್‌ಕೆಬಿ ಎಂಬ ತಂತ್ರಾಂಶಕ್ಕೆ ಹೋಗಲಿ. ಅಲ್ಲಿ ‘ಮಾನವ’ವನ್ನು ಪುಲ್ಲಿಂಗ, ಸ್ತ್ರೀಲಿಂಗಗಳ ಮೇಲಿನ ಪ್ರಕಾರವಾಗಿಯೇ ಘೋಷಿಸಬಹುದು, ನಾಲ್ಕನೆಯ ಫೀಚರ್ ಬೇಕಾಗುವುದಿಲ್ಲ.