ಎವ್ಯಾಲ್ಯುಯೇಷನ್ ಕಾಪಿ ಅಂತ ಬಂತು ಅಂತ ವಿಂಡೋಸ್ ಕೀ ಕೊಳ್ಳಕ್ಕೆ ಹೋಗ್ಬೇಡಿ, ನಾನು ಹೋಗಿ ಕೆಟ್ಟೆ

ವಿಂಡೋಸ್ ಇನ್ಸೈಡರ್ ಪ್ರಿವ್ಯೂ, ಅಂದ್ರೆ ಎಲ್ರಿಗೂ ಬಿಡೋ ಮುಂಚೆ ಪರೀಕ್ಷೆಗೆ ಅಂತ ಕೊಡೋ ವಿಂಡೋಸ್, ಹಾಕ್ಕೊಂಡಿರೋರು ಇದನ್ನ ಒಂದ್ಸಲ ಓದ್ಕೊಂಬಿಡಿ. ನಂದು ದಾವಣಗೆರೆಲಿ ಸಣ್ಣ ಡಿಟಿಪಿ ಅಂಗಡಿ, ಲಗ್ನಪತ್ರಿಕೆ, ಬ್ಯಾನರು, ಶ್ರದ್ಧಾಂಜಲಿ ಕಾರ್ಡು ಇಂಥವೇ ಕೆಲಸ. ಲ್ಯಾಪ್‌ಟಾಪ್ ತಗೊಂಡಾಗ್ಲೇ ವಿಂಡೋಸ್ 11 ಹೋಮ್ ಸಿಂಗಲ್ ಲ್ಯಾಂಗ್ವೇಜ್ ಬಂದಿತ್ತು, ಆಕ್ಟಿವೇಟೂ ಆಗಿತ್ತು, ಏನೂ ತೊಂದ್ರೆ ಇರ್ಲಿಲ್ಲ. ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಹಂಗೆ ಹೊಸ ಫೀಚರ್ ಎಲ್ರಿಗಿಂತ ಮೊದ್ಲು ನೋಡೋ ಆಸೆಗೆ ಈ ಪ್ರಿವ್ಯೂನ ಡೆವ್ ಚಾನಲ್‌ಗೆ ಸೇರ್ಕೊಂಡೆ.

ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದ್ಮೇಲೆ ಸ್ಕ್ರೀನ್ ಬಲಗಡೆ ಮೂಲೇಲಿ, ಗಡಿಯಾರದ ಮೇಲೆ, ‘ಎವ್ಯಾಲ್ಯುಯೇಷನ್ ಕಾಪಿ’ ಅಂತ ಒಂದು ಸಾಲು, ಪಕ್ಕದಲ್ಲಿ ಬಿಲ್ಡ್ (ಆವೃತ್ತಿ) ನಂಬರು. ನಾನು ಏನಂದ್ಕೊಂಡೆ ಅಂದ್ರೆ ಆಕ್ಟಿವೇಷನ್ ಹೋಯ್ತು ಅಂತ. ಹೋಗಿರ್ಲಿಲ್ಲ ಕಣ್ರೀ! ಆ ಸಾಲು ಇದು ಪ್ರಿವ್ಯೂ ಬಿಲ್ಡ್ ಅಂತ ಹೇಳುತ್ತೆ ಅಷ್ಟೇ, ಲೈಸೆನ್ಸ್‌ಗೂ ಅದಕ್ಕೂ ಸಂಬಂಧನೇ ಇಲ್ಲ, ನೀವು ಎಂಥ ಒರಿಜಿನಲ್ ಕೀ (ಲೈಸೆನ್ಸ್ ನಂಬರು) ಹಾಕಿದ್ರೂ ಅದು ಹೋಗಲ್ಲ. ಲೈಸೆನ್ಸ್ ಇಲ್ಲದಿದ್ರೆ ಬರೋದು ‘ಆಕ್ಟಿವೇಟ್ ವಿಂಡೋಸ್’ ಅನ್ನೋ ಬೇರೆ ಬರಹ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಆಕ್ಟಿವೇಷನ್ ಅಂತ ಹೋಗಿ ಅರ್ಧ ನಿಮಿಷ ನೋಡಿದ್ರೆ ಗೊತ್ತಾಗ್ತಿತ್ತು, ನಾನು ನೋಡ್ಲಿಲ್ಲ.

ಆನ್‌ಲೈನಲ್ಲಿ ಒಬ್ಬ 349 ರೂಪಾಯಿಗೆ ‘ಲೈಫ್‌ಟೈಮ್ ಪ್ರೊ ಕೀ’ ಕೊಡ್ತೀನಿ ಅಂದ, ಫೋನ್‌ಪೇ ಮಾಡ್ದೆ. ನೆಟ್ ಆಫ್ ಮಾಡಿ ಮೊದ್ಲು ಈ ಕೀ ಹಾಕಿ, ಎಡಿಷನ್ ಚೇಂಜ್ ಆದ್ಮೇಲೆ ನೆಟ್ ಆನ್ ಮಾಡಿ ಇನ್ನೊಂದು ಹಾಕಿ ಅಂದ, ಹಾಕ್ದೆ, ಹೋಮ್ ಇದ್ದಿದ್ದು ಪ್ರೊ ಆಯ್ತು, ಆಕ್ಟಿವ್ ಅಂತಾನೂ ತೋರಿಸ್ತು. ಆದ್ರೆ ಮೂಲೇಲಿದ್ದ ಸಾಲು ಮಾತ್ರ ಅಲ್ಲೇ ಇತ್ತು, ಹಲ್ಲು ಕಿರ್ಕೊಂಡು. ಕೇಳಿದ್ರೆ ಆಂಟಿವೈರಸ್ ಆಫ್ ಮಾಡಿ ಈ ಫೈಲ್ ಓಡಿಸಿ, ಅಪ್‌ಡೇಟೂ ಬಂದ್ ಮಾಡಿ, ಇಲ್ಲಾಂದ್ರೆ ಕೀ ಹೋಗುತ್ತೆ ಅಂದ. ಅದನ್ನೂ ಮಾಡ್ದೆ. ಬುದ್ಧಿ ಎಲ್ಲಿಟ್ಟಿದ್ನೋ ದೇವರಿಗೇ ಗೊತ್ತು.

ಒಂದೂವರೆ ತಿಂಗಳಿಗೆ ಕೀ ಬ್ಲಾಕ್ ಆಯ್ತು, ಸಿ003 ಅಂತ ಮುಗಿಯೋ ಎರರ್. ಆಗ ಕಮಾಂಡ್ ಪ್ರಾಂಪ್ಟಲ್ಲಿ ಲೈಸೆನ್ಸ್ ವಿವರ ತೋರಿಸೋ ಎಸ್‌ಎಲ್‌ಎಂಜಿಆರ್ ಕಮಾಂಡಿಗೆ ಡಿಎಲ್‌ವಿ ಸೇರಿಸಿ (slmgr /dlv) ಓಡಿಸಿ ನೋಡಿದ್ರೆ ‘ವಾಲ್ಯೂಮ್ ಮ್ಯಾಕ್’ ಅಂತಿತ್ತು. ಅಂದ್ರೆ ಯಾವ್ದೋ ಕಂಪನಿ ಅಥವಾ ಸಂಸ್ಥೆ ತನ್ನ ಸಿಸ್ಟಮ್‌ಗಳಿಗೆ ಅಂತ ತಗೊಂಡಿರೋ ಕೀ, ಇಷ್ಟೇ ಸಲ ಆಕ್ಟಿವೇಟ್ ಮಾಡಬಹುದು ಅಂತ ಲೆಕ್ಕ ಇರುತ್ತೆ, ಅದನ್ನ ಇವ್ನು ಊರೋರಿಗೆಲ್ಲ ಹಂಚ್ತಿದ್ದ.

ಕೀ ಹೋಗಿದ್ದು ದೊಡ್ಡದಲ್ಲ ಬಿಡಿ. ಅಪ್‌ಡೇಟ್ ಬಂದ್ ಮಾಡಿದ್ನಲ್ಲ, ಅದು ನನ್ನ ನಿಜವಾಗ್ಲೂ ಮುಳುಗಿಸ್ತು. ಪ್ರಿವ್ಯೂ ಬಿಲ್ಡ್‌ಗೆ ಎಕ್ಸ್‌ಪೈರಿ ಡೇಟ್ ಇರುತ್ತೆ, ಹೊಸ ಬಿಲ್ಡ್ ಬರ್ತಾ ಇದ್ರೆ ಅದು ಮುಂದಕ್ಕೆ ಹೋಗ್ತಾ ಇರುತ್ತೆ, ನಿಲ್ಲಿಸಿದ್ರೆ ಆ ದಿನಕ್ಕೆ ಕತೆ ಮುಗೀತು. ಇದೇನು ಹೊಸ್ದಲ್ಲ, ವಿಂಡೋಸ್ 7 ಬಿಡುಗಡೆಗೆ ಮುಂಚೆ ಪರೀಕ್ಷೆಗೆ ಕೊಟ್ಟಿದ್ದ ಆರ್‌ಸಿ ಹಾಕಿದ್ದೋರಿಗೆ ನೆನಪಿರಬಹುದು, 2010ರ ಮಾರ್ಚ್ 1ರಿಂದ ಎರಡು ಗಂಟೆಗೊಮ್ಮೆ ತಾನೇ ಆಫ್ ಆಗ್ತಿತ್ತು, ಜೂನ್ 1ಕ್ಕೆ ಅವಧಿನೇ ಮುಗೀತು. ಸ್ಟಾರ್ಟ್‌ನಲ್ಲಿ ವಿನ್‌ವರ್ (winver) ಅಂತ ಟೈಪ್ ಮಾಡಿದ್ರೆ ತಾರೀಖು ಟೈಮ್ ಎರಡೂ ತೋರಿಸುತ್ತೆ, ನಂದು ಒಂದು ಸೋಮವಾರ ಬೆಳಗಿನ ಜಾವ 5:29ಕ್ಕೆ ಇತ್ತಂತೆ. ‘ಸದ್ಯದಲ್ಲೇ ಮುಗಿಯುತ್ತೆ’ ಅಂತ ಮೆಸೇಜ್ ಬಂದಿದ್ದನ್ನೆಲ್ಲ ಕ್ಲೋಸ್ ಮಾಡ್ಕೊಂಡು ಕೂತಿದ್ದೆ.

ಸೋಮವಾರ ಬೆಳಿಗ್ಗೆ ಆನ್ ಮಾಡಿದ್ರೆ ನೀಲಿ ಸ್ಕ್ರೀನ್, ಒಳಗೇ ಬಿಡಲ್ಲ. ಒಳಗಡೆ ಮೂರು ಲಗ್ನಪತ್ರಿಕೆ ಪೇಜ್‌ಮೇಕರ್ ಫೈಲು, ಒಂದರ ಮದುವೆಗೆ ಹನ್ನೆರಡೇ ದಿನ, ಹುಡುಗಿ ಅಪ್ಪ ಅಂಗಡಿ ಮುಂದೆ ಬೈಕ್ ನಿಲ್ಲಿಸ್ತಾ ಇದ್ದಾರೆ. ಟ್ರಬಲ್‌ಶೂಟ್‌ಗೆ ಹೋದ್ರೆ ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್‌ನ ರಿಕವರಿ ಕೀ ಕೊಡು ಅಂತು, 48 ಅಂಕಿ. ನಾನು ಯಾವತ್ತೂ ಆನ್ ಮಾಡಿರ್ಲಿಲ್ಲ, ಅದೇ ಆನ್ ಆಗಿತ್ತು. ಪುಣ್ಯಕ್ಕೆ ಮೈಕ್ರೋಸಾಫ್ಟ್ ಅಕೌಂಟಲ್ಲಿ ಸೇವ್ ಆಗಿತ್ತು, ನಮ್ಮನೆಯವಳು ಫೋನ್ ಹಿಡ್ಕೊಂಡು ಆರಾರು ಅಂಕಿ ಓದೋದು, ನಾನು ಹೊಡೆಯೋದು, ಎರಡು ಸಲ ತಪ್ಪಿ ಮೂರನೇ ಸಲ ತೆಗೀತು. ಆಮೇಲೆ ಕಮಾಂಡ್ ಪ್ರಾಂಪ್ಟಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ, ಫೈಲ್ ಓಪನ್ ಕೊಟ್ಟು, ಕೆಳಗಡೆ ‘ಆಲ್ ಫೈಲ್ಸ್’ ಆರಿಸ್ಕೊಂಡು ಆ ಕಿಟಕಿಯಿಂದಾನೇ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡ್ದೆ. ಈ ಉಪಾಯ ಎಲ್ಲಾದ್ರೂ ಬರೆದಿಟ್ಕೊಳ್ಳಿ, ಬೇಕಾಗುತ್ತೆ.

ಡೆವ್‌ನಿಂದ ಮಾಮೂಲಿ ವಿಂಡೋಸ್‌ಗೆ ಬರೋಕೆ ಪೂರ್ತಿ ಒರೆಸಿ ಹೊಸ್ದಾಗಿ ಹಾಕ್ಬೇಕು, ಪ್ರೊದಿಂದ ಹೋಮ್‌ಗೆ ಇಳಿಯೋಕೂ ಅದೇ. ಅಣ್ಣನ ಮಗನ ಲ್ಯಾಪ್‌ಟಾಪಲ್ಲಿ ವಿಂಡೋಸ್ ಹಾಕೋ ಪೆನ್‌ಡ್ರೈವ್ ರೆಡಿ ಮಾಡ್ಕೊಂಡು ಹಾಕಿದ್ರೆ ಎಡಿಷನ್ ಯಾವ್ದು ಅಂತಾನೂ ಕೇಳ್ಲಿಲ್ಲ, ತಾನೇ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಹಾಕ್ಕೊಂಡು, ನೆಟ್ ಕೊಟ್ಟ ತಕ್ಷಣ ಆಕ್ಟಿವೇಟ್ ಆಗೋಯ್ತು. ಕೀ ಮೊದಲಿಂದ್ಲೂ ಮದರ್‌ಬೋರ್ಡಲ್ಲೇ ಕೂತಿತ್ತು ಸ್ವಾಮಿ. ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರು, ಫಾಂಟು, ಪ್ರಿಂಟರ್ ಎಲ್ಲ ವಾಪಸ್ ಹಾಕೋಕೆ ಮತ್ತೆರಡು ದಿನ ಹೋಯ್ತು, ಆ ಫೈಲ್ ಓಡಿಸಿದ್ದಕ್ಕೆ ಹೆದರಿ ಮೇಲ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲ ಬೇರೆ ಫೋನಿಂದ ಬದಲಾಯಿಸ್ದೆ.

ಕೀ ಮಾರಿದೋನಿಗೆ ಮೆಸೇಜ್ ಹಾಕಿದ್ದೆ. ನಿನ್ನೆ ರಿಪ್ಲೈ ಬಂತು, ‘ನೋ ಪ್ರಾಬ್ಲಮ್ ಸಾರ್, ಹೊಸ ಕೀ ಕೊಡ್ತೀನಿ, ಇನ್ನೊಂದು 200 ಹಾಕಿ’ ಅಂತ.